ಖಾಲಿ ಹಾಳೆಗೆ ಸಹಿ ಹಾಕಬೇಡಿರಿ: ಬರ-ನೆರೆಗಳ ಕಾಲದಲ್ಲಿ ಕುಡಿಯುವ ನೀರಿನ ಹಕ್ಕು

ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ, ಮಳೆಗಾಲದಲ್ಲಿ ನೆರೆಯ ಕೆಸರು ಅದೇ ಬಾವಿಗೆ ಇಳಿದು, ಎರಡು ಋತುಗಳಲ್ಲಿಯೂ ಕುಡಿಯುವ ನೀರಿಗಾಗಿ ಅಲೆಯುವ ಹಳ್ಳಿಗರು ವಕೀಲರಾದ ನಮ್ಮ ಬಳಿಗೆ ಬರುವ ವೇಳೆಗೆ ಬಹುಮಟ್ಟಿಗೆ ಸೋತೇ ಬಂದಿರುತ್ತಾರೆ. ಆ ಸೋಲಿಗೆ ಕಾರಣ ಕಾನೂನಿನ ದೌರ್ಬಲ್ಯವಲ್ಲ, ಅವರೇ ಅರಿಯದೆ ಹಾಕಿಕೊಟ್ಟ ಸಹಿ.

ಮಾಲಿನ್ಯರಹಿತವಾದ ನೀರು ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಹೇಳಿದೆ. 1993ರ ಪಂಚಾಯತ್ ರಾಜ್ ಅಧಿನಿಯಮದ 58ನೆಯ ಪ್ರಕರಣವು ನೀರಿನ ಪೂರೈಕೆಯನ್ನು ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಸೇರಿಸಿದೆ. ವಿಪತ್ತಿನಲ್ಲಿ ಕುಡಿಯುವ ನೀರನ್ನೊದಗಿಸುವ ಅಧಿಕಾರವು 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕಿದೆ. ನೀವು ಕಚೇರಿಗೆ ಹೋಗುವುದು ದಯೆ ಬೇಡುವುದಕ್ಕಲ್ಲ. ಆದರೆ ಈ ಹಕ್ಕು ಕೈಗೆ ಬರಬೇಕಾದರೆ ಮೂರು ಸಂಗತಿಗಳನ್ನು ನೆನಪಿಡಿರಿ.

ಮೊದಲನೆಯದು, ಬರಹದ ದೂರು. ನೀರುಗಂಟಿಗೆ ಹೇಳಿದ್ದು, ಸದಸ್ಯರ ಮನೆಯ ಜಗಲಿಯಲ್ಲಿ ಗೋಳಾಡಿದ್ದು ದೂರಲ್ಲ. ಯಾವ ಓಣಿ, ಯಾವ ದಿನದಿಂದ ನೀರಿಲ್ಲ, ಮೇಲ್ತೊಟ್ಟಿಯನ್ನು ಕಡೆಯ ಸಲ ತೊಳೆದದ್ದು ಯಾವಾಗ ಎಂಬುದನ್ನು ಬರೆದು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಪಡೆಯಿರಿ. ‘ಇಟ್ಟು ಹೋಗಿ, ನೋಡೋಣ’ ಎಂಬ ಮಾತಿಗೆ ಮರುಳಾಗಬೇಡಿರಿ. ಮೊಹರು ಹಾಕಲು ಒಪ್ಪದಿದ್ದರೆ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಕಾಪಾಡಿಕೊಳ್ಳಿರಿ. ನೆರೆಯ ಬಳಿಕವಾದರೆ ನೀರಿನ ಪರೀಕ್ಷಾ ವರದಿಯ ಪ್ರತಿಯನ್ನೂ ಕೇಳಿರಿ. ತಿಳಿಯಾಗಿ ಕಂಡ ನೀರೆಲ್ಲ ಕುಡಿಯಲು ಯೋಗ್ಯವಲ್ಲ.

ಎರಡನೆಯದು ಟ್ಯಾಂಕರ್, ಜನ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಬಿಸಿಲಿನಲ್ಲಿ ಕೊಡಗಳ ಸಾಲು ನಿಂತಿರುವಾಗ ಚಾಲಕನು ಟ್ರಿಪ್ ಶೀಟನ್ನು ಮುಂದೊಡ್ಡುತ್ತಾನೆ. ದಿನಾಂಕ, ವೇಳೆ, ಲೀಟರುಗಳ ಅಂಕಣಗಳು ಬರಿದಾಗಿರುತ್ತವೆ. ಸಹಿ ಹಾಕದಿದ್ದರೆ ನಲ್ಲಿ ತಿರುಗಿಸಲಾರನೆಂಬ ಭಯದಿಂದ ಮುಂದೆ ನಿಂತ ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ತಿಂಗಳ ಕೊನೆಗೆ ಬಾರದ ಟ್ಯಾಂಕರುಗಳೆಲ್ಲ ಆ ಬರಿದಾದ ಅಂಕಣಗಳೊಳಗೆ ಬಂದು ಹೋಗಿರುತ್ತವೆ, ಗುತ್ತಿಗೆದಾರನ ಬಿಲ್ಲು ಮಂಜೂರಾಗಿರುತ್ತದೆ, ನಿಮ್ಮ ದೂರಿಗೆ ಉತ್ತರವಾಗಿ ಅದೇ ಹೆಬ್ಬೆಟ್ಟು ಎದುರಿಗೆ ಬರುತ್ತದೆ. ಬಾಯಾರಿದವರ ಕೈಯಿಂದಲೇ ಸುಳ್ಳು ಸಾಕ್ಷ್ಯವನ್ನು ಬರೆಸಿಕೊಳ್ಳುವ ಈ ನಡತೆ ಕ್ಷಮೆಗೆ ಅರ್ಹವಲ್ಲ. ಅದನ್ನು ಕಂಡೂ ಬಿಲ್ಲಿಗೆ ರುಜು ಹಾಕುವ ಅಧಿಕಾರಿಯ ಅಪರಾಧವೂ ಸಣ್ಣದಲ್ಲ.

ಆದುದರಿಂದ ದಿನಾಂಕ, ವೇಳೆ, ವಾಹನದ ಸಂಖ್ಯೆ, ಬಂದ ನೀರಿನ ಅಳತೆಗಳನ್ನು ತುಂಬಿಸಿದ ಮೇಲೆಯೇ ಸಹಿ ಮಾಡಿರಿ. ಉಳಿದ ಅಂಕಣಗಳಿಗೆ ಅಡ್ಡಗೆರೆ ಎಳೆದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಓದು ಬಾರದವರು ಓದಬಲ್ಲವರಿಂದ ಗಟ್ಟಿಯಾಗಿ ಓದಿಸಿಕೊಳ್ಳಲಿ.

ಸಹಿ ಈಗಾಗಲೇ ಹೋಗಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಡನೆ ಟ್ರಿಪ್ ಶೀಟು, ಬಿಲ್ಲುಗಳ ಪ್ರತಿ ಕೇಳಿರಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಅರ್ಜಿಯ ತಲೆಯಲ್ಲಿ ಹಾಗೆಂದು ಬರೆಯಿರಿ, ಆದರೆ ಅಧಿಕಾರಿ ಅದನ್ನು ಒಪ್ಪದಿರಬಹುದಾದ್ದರಿಂದ ಅದೊಂದನ್ನೇ ನೆಚ್ಚಿ ಕೂಡಬೇಡಿರಿ.

ಮೂರನೆಯದು, ಖಾಯಂ ಲೋಕ ಅದಾಲತ್. ನೀರಿನ ಪೂರೈಕೆ ಅದರ ವ್ಯಾಪ್ತಿಯಲ್ಲಿದೆ, ನ್ಯಾಯಾಲಯ ಶುಲ್ಕವಿಲ್ಲ, ರಾಜಿಯಾಗದಿದ್ದರೆ ಅದೇ ತೀರ್ಪು ನೀಡಬಲ್ಲದು. ಆದರೆ ಎಚ್ಚರ: ವ್ಯಾಜ್ಯವನ್ನು ಮೊದಲೇ ಬೇರೆ ನ್ಯಾಯಾಲಯಕ್ಕೆ ಒಯ್ದಿದ್ದರೆ ಈ ಬಾಗಿಲು ತೆರೆಯದು, ಮತ್ತು ಇಲ್ಲಿಯ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿಯಿಲ್ಲ.

ಅರ್ಜಿ ಬರೆದುಕೊಡುವೆನೆಂದು ಕಚೇರಿಯ ಮುಂದೆ ಹಣ ಕೇಳುವ ಮಧ್ಯವರ್ತಿಗೆ ಬಿಡಿಗಾಸನ್ನೂ ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣವು ಬರ ಮತ್ತು ನೆರೆಯ ಸಂತ್ರಸ್ತರನ್ನು ಹೆಸರಿಸಿಯೇ ಉಚಿತ ನೆರವಿಗೆ ಅರ್ಹರೆಂದಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ವಕೀಲರನ್ನು ಕೊಡುವುದು ಅವರ ಕರ್ತವ್ಯ.