ಬಿಟ್ಟ ರೊಟ್ಟಿ, ಸುರಿದ ತುಪ್ಪ

ಪ್ರಶ್ನೆ: ಅಕ್ಕಾರ, ನನಗ ನಲವತ್ತೊಂದು ವರ್ಷ, ತೂಕ 78 ಕಿಲೋ. ಮೊಬೈಲಿನ್ಯಾಗ ನೋಡಿ ದಿನದ ನಾಕು ರೊಟ್ಟಿ ಬಿಟ್ಟು ಎರಡು ತಿಂಗಳಾತು. ‘ಕೊಬ್ಬೇ ಕೊಬ್ಬು ಕರಗಸ್ತದ, ತುಪ್ಪಕ್ಕ ಮಿತಿ ಇಲ್ಲ’ ಅಂದಿದ್ರು. ದಿನಾ ಮೂರು ದೊಡ್ಡ ಚಮಚ ತುಪ್ಪ, ಹಸಿವಾದಾಗ ಹುರಿದ ಶೇಂಗಾ. ಮೊದಲ ಹದಿನೈದು ದಿನ ಮೂರು ಕಿಲೋ ಇಳೀತು, ಆಮ್ಯಾಲೆ ಅಲ್ಲೇ ನಿಂತದ. ತುಪ್ಪ ಇನ್ನೂ ಹೆಚ್ಚು ಮಾಡಲೇನ್ರಿ? ಅತ್ತಿಯವರು ದಿನಾ ಬೈತಾರ.
– ಹೆಸರು ಬ್ಯಾಡ, ಮೆಣಸಗಿ

ಉತ್ತರ: ಹೆಚ್ಚಲ್ಲ ತಂಗಿ, ಕಡಿಮೆ ಮಾಡಿ.

ಮೊದಲು ಇಳಿದ ಮೂರು ಕಿಲೋದಲ್ಲಿ ಬಹುಪಾಲು ನೀರು. ರೊಟ್ಟಿ, ಅನ್ನ ನಿಂತಾಗ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜೆನ್, ಖರ್ಚಾಗುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಅದಾದ ಮೇಲಿನದ್ದು ಲೆಕ್ಕದ ಮಾತು. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಹೆಚ್ಚುಕಡಿಮೆ 170 ಕ್ಯಾಲೊರಿ. ನಾಲ್ಕು ಬಿಟ್ಟಿರಿ, 680 ಉಳಿಯಿತು. ಮೂರು ದೊಡ್ಡ ಚಮಚ ತುಪ್ಪಕ್ಕೆ ಸುಮಾರು 360, ದಿನಕ್ಕೆ 50 ಗ್ರಾಂ ಶೇಂಗಾ ಎಂದರೂ 280. ಬಿಟ್ಟದ್ದೆಲ್ಲ ಬೇರೆ ಬಾಗಿಲಿನಿಂದ ಒಳಗೆ ಬಂತು!

ಹಾಗೆಂದು ಕೊಬ್ಬು ವೈರಿಯಲ್ಲ. ಹಿಟ್ಟು ಕಡಿಮೆಯಾದಾಗ ಹೊಟ್ಟೆ ತುಂಬಿದಂತೆ ಇರಿಸುವುದು, ಎ, ಡಿ, ಇ, ಕೆ ಜೀವಸತ್ವಗಳನ್ನು ಮೈಗೆ ಹತ್ತಿಸುವುದು ಅದೇ. ಆದರೆ ಅದು ಮೈಯ ಕೊಬ್ಬನ್ನು ಕರಗಿಸುವ ಔಷಧಿಯಲ್ಲ. ತಟ್ಟೆಯಲ್ಲಿ ಬೇಕಾದಷ್ಟು ಸಿಕ್ಕರೆ ದೇಹ ನಡುವಿನ ಕೊಬ್ಬಿಗೆ ಕೈಹಚ್ಚುವುದೇ ಇಲ್ಲ. 1863ರಲ್ಲಿ ಹಿಟ್ಟು ಬಿಡುವ ಈ ಪಥ್ಯಕ್ಕೆ ಹೆಸರು ತಂದ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಬ್ರೆಡ್, ಸಕ್ಕರೆ, ಆಲೂಗಡ್ಡೆಯ ಜೊತೆ ಬೆಣ್ಣೆಯನ್ನೂ ಬಿಟ್ಟಿದ್ದ. ವಿಡಿಯೊದವರು ಇದನ್ನು ಹೇಳುವುದಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿದರು: ಹಿಟ್ಟು ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದರು. ಹೇಳಿಕೊಳ್ಳುವ ವ್ಯತ್ಯಾಸವೇನಲ್ಲ.

ನೀವು ಚಹಾಕ್ಕೋ ಬಾಯಿಗೋ ತುಪ್ಪ ಸುರಿದುಕೊಳ್ಳುವುದನ್ನು ಇಂದೇ ನಿಲ್ಲಿಸಿ. ಪಲ್ಲೆಯ ಒಗ್ಗರಣೆಗೆ ಬೇಕಾದಷ್ಟು ಎಣ್ಣೆ ಸಾಕು. ಎಣ್ಣೆಗಾಯಿ ತಿನ್ನಿ, ಮೇಲೆ ತೇಲುವ ಎಣ್ಣೆ ಬೋಗುಣಿಯಲ್ಲೇ ಇರಲಿ. ಶೇಂಗಾ ಡಬ್ಬಿ ಎದುರಿಗಿದ್ದರೆ ಕೈ ನಿಲ್ಲದು, ಒಂದು ಮುಷ್ಟಿ ಎಣಿಸಿ ತೆಗೆದಿಟ್ಟುಕೊಳ್ಳಿ. ನಿಮ್ಮ ಎರಿ ಹೊಲದ ಮುಂಗಾರಿನ ಹೆಸರು, ಹಿಂಗಾರಿನ ಕಡಲೆ ಇದ್ದೇ ಇವೆ: ಹೆಸರುಕಾಳಿನ ಪಲ್ಲೆ, ಹಸಿ ಮೆಂತೆ, ಹಕ್ಕರಕಿ, ಒಂದು ಚಮಚ ಅಗಸಿ ಹಿಂಡಿ, ನಡೆಯುವುದಾದರೆ ತತ್ತಿ, ಮಜ್ಜಿಗೆ. ಮಧ್ಯಾಹ್ನ ಒಂದು, ರಾತ್ರಿ ಒಂದು ರೊಟ್ಟಿ ಧಾರಾಳವಾಗಿ ತಿನ್ನಿ. ರೊಟ್ಟಿಯ ನಾಡಿನಲ್ಲಿದ್ದು ಜೀವನಪೂರ್ತಿ ರೊಟ್ಟಿ ಬಿಡುತ್ತೇನೆಂಬ ಪಥ್ಯ ಯಾರಿಗೂ ಬಹಳ ದಿನ ನಡೆಯದು.

ಎರಡು ತಿಂಗಳು ಇಷ್ಟು ತುಪ್ಪ ತಿಂದಿದ್ದೀರಿ, ಒಮ್ಮೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇಂಥ ಪಥ್ಯ ಹಿಡಿಯಲೇಬೇಡಿ. ಸಕ್ಕರೆ ಒಮ್ಮೆಲೇ ಕುಸಿದು ತಲೆಸುತ್ತಿ ಬೀಳಬಹುದು.