ಇಂದಿನ ಧಮ್ಮ ಚಿಂತನೆ: ಬಟ್ಟೆ ಉಜ್ಜಿ ಕಲಿತ ಭಿಕ್ಖು



ಧಮ್ಮಪದದ ಅಟ್ಠಕಥೆಯಲ್ಲಿ ಚೂಳಪಂಥಕ ಎಂಬ ಭಿಕ್ಖುವಿನ ಕಥೆ ಬರುತ್ತದೆ. ತಾಯಿ ರಾಜಗೃಹದ ಸಿರಿವಂತ ವ್ಯಾಪಾರಿಯ ಮಗಳು, ತಂದೆ ಅದೇ ಮನೆಯ ಆಳು. ಇಬ್ಬರೂ ಮನೆ ಬಿಟ್ಟು ಓಡಿಹೋಗಿ ಸಂಸಾರ ಹೂಡಿದವರು. ಇಬ್ಬರು ಮಕ್ಕಳೂ ದಾರಿಯಲ್ಲಿ ಹುಟ್ಟಿದ್ದರಿಂದ ಪಂಥಕ ಎಂಬ ಹೆಸರು ಬಂತು. ಅಣ್ಣ ಮಹಾಪಂಥಕ ಜಾಣ, ಸಂಘಕ್ಕೆ ಮೊದಲು ಸೇರಿದ. ಆಮೇಲೆ ತಮ್ಮನನ್ನೂ ಸೇರಿಸಿ, ನಾಲ್ಕು ಸಾಲಿನ ಒಂದು ಗಾಥೆ ಬಾಯಿಪಾಠ ಮಾಡಲು ಕೊಟ್ಟ. ನಾಲ್ಕು ತಿಂಗಳಾದರೂ ಬರಲಿಲ್ಲ. ಮುಂದಿನ ಸಾಲು ಕಲಿಯುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ನಿನ್ನಿಂದ ಆಗದು, ಮನೆಗೆ ಹೋಗು ಎಂದುಬಿಟ್ಟ ಅಣ್ಣ. ವೈದ್ಯ ಜೀವಕನು ಸಂಘವನ್ನು ಊಟಕ್ಕೆ ಕರೆದಾಗ ಲೆಕ್ಕದಲ್ಲಿ ತಮ್ಮನನ್ನು ಸೇರಿಸಲೇ ಇಲ್ಲ.

ಹಿಂದಿನ ಜನ್ಮದಲ್ಲಿ ಒಬ್ಬ ಮಂದಬುದ್ಧಿಯ ಭಿಕ್ಖುವನ್ನು ಹಾಸ್ಯ ಮಾಡಿದ್ದರ ಫಲ ಇದು ಎಂದು ಅಟ್ಠಕಥೆ ಕಾರಣ ಕೊಡುತ್ತದೆ. ಬಾಬಾಸಾಹೇಬರನ್ನು ಓದಿದ ನಮಗೆ ಆ ಕಾರಣ ಬೇಕಿಲ್ಲ. ಹಿಂದಿನ ಜನ್ಮದ ಲೆಕ್ಕ ತೋರಿಸಿ ನಮ್ಮ ಹಿರಿಯರನ್ನು ಎಲ್ಲಿ ಕೂರಿಸಿದ್ದರು ಎಂಬುದು ನಮಗೆ ಗೊತ್ತು.

ಬೆಳಗಿನ ಜಾವ ಚೀವರ ಬಿಟ್ಟು ಹೊರಟಿದ್ದ ಚೂಳಪಂಥಕನನ್ನು ಭಗವಾನರು ಬಾಗಿಲಲ್ಲೇ ತಡೆದರು. ಇನ್ನೊಂದು ಸುಲಭದ ಗಾಥೆ ಕೊಡಲಿಲ್ಲ, ಗಟ್ಟಿಯಾಗಿ ಓದು ಎನ್ನಲಿಲ್ಲ. ಒಂದು ಶುಭ್ರವಾದ ಬಟ್ಟೆ ಕೊಟ್ಟು, ಸೂರ್ಯನ ಕಡೆ ಮುಖ ಮಾಡಿ ಕೂತು ಇದನ್ನು ಉಜ್ಜುತ್ತಿರು, ಉಜ್ಜುತ್ತಾ 'ರಜೋಹರಣಂ' (ಕೊಳೆ ತೆಗೆಯುವುದು) ಎನ್ನುತ್ತಿರು ಎಂದರು. ಅವನು ಉಜ್ಜಿದ. ಕೈ ಬೆವರಿತು, ಬಟ್ಟೆ ಮಾಸಿತು. ಸ್ವಲ್ಪ ಹೊತ್ತಿನ ಹಿಂದೆ ಬೆಳ್ಳಗಿದ್ದದ್ದು ತನ್ನ ಕೈಯಿಂದಲೇ ಬಣ್ಣ ಬದಲಿಸಿದ್ದನ್ನು ನೋಡಿದ. ಅನಿತ್ಯ ಎಂದರೇನೆಂದು ಅವನಿಗೆ ಬೇರೆ ಯಾರೂ ವಿವರಿಸಬೇಕಾಗಲಿಲ್ಲ. ಕಥೆಯ ಕೊನೆಗೆ ಒಂದು ಪವಾಡವೂ ಇದೆ, ಅದನ್ನು ಬಿಟ್ಟು ಓದಿದರೂ ನಷ್ಟವಿಲ್ಲ.

ಕೇಳಿ ತಿಳಿದದ್ದಕ್ಕೂ ಮಾಡಿ ತಿಳಿದದ್ದಕ್ಕೂ ಇರುವ ಅಂತರ ನಮ್ಮ ಚರಿತ್ರೆಯಲ್ಲೂ ಕಾಣುತ್ತದೆ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಮುಂಬಯಿ ಶಾಸನಸಭೆ 1923ರಲ್ಲೇ ಬೋಲೆಯವರ ಠರಾವನ್ನು ಒಪ್ಪಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಅದರಂತೆ ಠರಾವು ಮಾಡಿತು. ಕಾಗದದ ಮೇಲೆ ಹಕ್ಕು ಇತ್ತು, ಆದರೆ ನಮ್ಮವರ ಬಾಯಾರಿಕೆ ಹಾಗೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಠರಾವಿನ ತಾರೀಖು ಯಾವುದೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಿಯಾರು? ಮಾರ್ಚ್ 20 ಮಾತ್ರ ಮಕ್ಕಳಿಗೂ ಗೊತ್ತು. ಕೊಲಂಬಿಯಾದಲ್ಲಿ ಬಾಬಾಸಾಹೇಬರಿಗೆ ಪಾಠ ಹೇಳಿದ ಜಾನ್ ಡ್ಯೂಯಿ, ತಾವು ಹಿಂದೆ ಶಿಕಾಗೋದಲ್ಲಿ ನಡೆಸಿದ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ, ನೇಯ್ಗೆ, ಬಡಗಿ ಕೆಲಸದ ಮೂಲಕವೇ ಪಾಠ ಮಾಡಿಸುತ್ತಿದ್ದರು ಎಂಬುದೂ ಇಲ್ಲಿ ನೆನಪಾಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಭಾನುವಾರದ ಬಳಗಕ್ಕೆ ತರಕಾರಿ ಮಾರುವ ಒಬ್ಬ ಹಿರಿಯ ಅವ್ವ ಬರುತ್ತಿದ್ದರು. ಪಂಚಶೀಲದ ಎರಡನೇ ಶೀಲ ಬಂದಾಗ 'ಅದಿನ್ನಾದಾನ' ಎನ್ನುವಲ್ಲಿ ಪ್ರತಿಸಲ ತಡವರಿಸುವರು. ಮೂರು ವಾರ ಎಲ್ಲರ ಮುಂದೆ ತಿದ್ದಿದೆ. ಮೂರನೇ ವಾರ ಯಾರೋ ನಕ್ಕರು. ನಾಲ್ಕನೇ ವಾರ ಅವ್ವ ಬರಲಿಲ್ಲ. ಮನೆಗೆ ಹೋದರೆ, "ತಮ್ಮಾ, ಆ ಮಾತಿಗೆ ನನ್ನ ನಾಲಿಗಿ ಹೊಳ್ಳಂಗಿಲ್ಲ. ನೀವು ಕಲ್ತವರು, ನೀವು ಹೇಳ್ರಿ" ಎಂದರು. ಅಕ್ಷರ ನಿಮಗಲ್ಲ ಎಂದು ನಮ್ಮ ಅಜ್ಜಂದಿರಿಗೆ ಹೇಳಿದ ಮಾತನ್ನೇ ನಾನು ಬುದ್ಧ ವಿಹಾರದೊಳಗೆ ಕೂತು ಈ ಅವ್ವನಿಗೆ ಹೇಳಿದ್ದೆ.

ಚಹಾ ಕುಡಿಯುತ್ತಾ ವ್ಯಾಪಾರದ ಮಾತು ಬಂತು. ಹಿಂದಿನ ದಿನ ಒಬ್ಬರು ನೂರು ಎಂದುಕೊಂಡು ಐನೂರರ ನೋಟು ಕೊಟ್ಟು ಹೋಗಿದ್ದರಂತೆ. ಅವ್ವ ಗಾಡಿ ಅಲ್ಲೇ ಬಿಟ್ಟು ಬಸ್ ನಿಲ್ದಾಣದ ತನಕ ಹಿಂದೆ ಓಡಿ ವಾಪಸ್ ಕೊಟ್ಟಿದ್ದಾರೆ. "ಅವ್ರು ಕೊಟ್ಟಿದ್ದಲ್ಲ, ತಪ್ಪಿ ಬಂದಿದ್ದು. ಹೆಂಗ ಇಟ್ಕೊಳ್ಳೋದು?" ಎಂದರು. ಅವ್ವಾ, ಕೊಡದ್ದನ್ನು ತೆಗೆದುಕೊಳ್ಳದಿರುವುದು, ಎರಡನೇ ಶೀಲ ಎಂದರೆ ಇದೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಾ?" ಎಂದು ನನ್ನನ್ನೇ ಗದರಿದರು.

ಮುಂದಿನ ವಾರ ಬಂದು ಆ ಪದವನ್ನು ಸರಿಯಾಗಿಯೇ ಹೇಳಿದರು. ಐದನೇ ಶೀಲದ ಆ ಉದ್ದನೆಯ ಪದ ಇನ್ನೂ ಬರುವುದಿಲ್ಲ. ಗಂಡನನ್ನು ಕುಡಿತದಿಂದ ಕಳೆದುಕೊಂಡವರು ಅವರು. ಆ ಶೀಲದ ಅರ್ಥವನ್ನು ಅವರಿಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ, ತಿದ್ದುವುದನ್ನು ಬಿಟ್ಟಿದ್ದೇನೆ.

ಈ ಭಾನುವಾರ ಬಾಯಿಪಾಠ ಒಪ್ಪಿಸುವುದು ಇರುವುದಿಲ್ಲ. ಅಲ್ಲಿಯ ತನಕ ಎರಡನೇ ಶೀಲವನ್ನು ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಒಮ್ಮೆಯಾದರೂ ಮಾಡಿ ನೋಡಿ ಬನ್ನಿ. ಎಡವಿದ್ದರೆ ಅದನ್ನೂ ಹೇಳಬಹುದು. ಮಕ್ಕಳನ್ನು ಕರೆತನ್ನಿ. ಮೊದಲು ಮಾತಾಡುವವರು ನಮ್ಮ ಅವ್ವ.

ನಮೋ ಬುದ್ಧಾಯ. ಜೈ ಭೀಮ್. 🙏