ಗಲ್ಲಾದಲ್ಲಿ ಮುಂದಿನ ವರ್ಷದ ಮೆಣಸಿನಕಾಯಿ

ಸಾಂಬಾರ್ ಪುಡಿ, ಚಟ್ನಿಪುಡಿ, ಖಾರದ ಪುಡಿ ಮಾಡಿ ಮಾರುವ ಸಣ್ಣ ಉದ್ದಿಮೆಯವರ ಇಡೀ ವರ್ಷ ನಿಂತಿರುವುದು ಜನವರಿಯಿಂದ ಮಾರ್ಚ್‌ವರೆಗಿನ ಖರೀದಿಯ ಮೇಲೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ರಾಶಿ ರಾಶಿ ಬರುವ ಕಾಲ ಅದು. ಜಾತ್ರೆ, ಮದುವೆಗಳ ಆರ್ಡರ್ ಶುರುವಾಗುವುದೂ ಆಗಲೇ. ಒಲೆಯ ಮುಂದೆ ನಿಂತವರಿಗೆ ಬ್ಯಾಡಗಿಗೆ ಹೋಗಲು ಪುರುಸೊತ್ತಿಲ್ಲ, ಹೋದರೂ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಶ್ರಾವಣದ ಹೊತ್ತಿಗೆ ಬಣ್ಣ ಮಾಸಿದ ಕಾಯಿಯನ್ನು ಚಿಲ್ಲರೆ ದರಕ್ಕೆ ಕೊಂಡು, ‘ಈ ಸಲ ಪುಡಿ ಮೊದಲಿನ ಹಾಗಿಲ್ಲ’ ಎನ್ನಿಸಿಕೊಳ್ಳಬೇಕಾಗುತ್ತದೆ. ಇವತ್ತಿನ ಕೆಲಸ ನಾಳೆಯನ್ನು ನುಂಗುವುದು ಹೀಗೆ. ಇದಕ್ಕೆ ದೊಡ್ಡ ಯೋಜನಾ ವರದಿ ಬೇಡ. ದುಡ್ಡಿನಲ್ಲೂ ಹೊತ್ತಿನಲ್ಲೂ ನಾಳೆಯ ಪಾಲನ್ನು ಮೊದಲೇ ಎತ್ತಿಡುವ ರೂಢಿ ಬೇಕು.

1. ಅಸಲನ್ನು ಬೇರೆ ಮಾಡಿ

ಮಾರಿದ ಪ್ರತಿ ಪ್ಯಾಕೆಟ್‌ನ ಬೆಲೆಯಲ್ಲೂ ಮೆಣಸಿನಕಾಯಿಯ ಅಸಲು ಸೇರಿರುತ್ತದೆ. ಅದು ಲಾಭವಲ್ಲ, ಮುಂದಿನ ಖರೀದಿಯ ದುಡ್ಡು. ಗಲ್ಲಾಕ್ಕೆ ಬಿದ್ದ ಮೇಲೆ ಗುರುತು ಸಿಗದೆ ಗ್ಯಾಸ್ ಸಿಲಿಂಡರ್‌ಗೋ ಮಗಳ ಶಾಲೆ ಫೀಸಿಗೋ ಹೋಗಿಬಿಡುತ್ತದೆ. ಅದಕ್ಕೆಂದೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆಯಿರಿ.

ಲೆಕ್ಕ ಹೀಗೆ: ತಿಂಗಳಿಗೆ 40 ಕೆ.ಜಿ. ಕಾಯಿ ಬೇಕೆಂದರೆ ವರ್ಷಕ್ಕೆ 480 ಕೆ.ಜಿ. ಕೆ.ಜಿ.ಗೆ 250 ರೂಪಾಯಿ ಎಂದು ಹಿಡಿದರೆ 1,20,000 ರೂಪಾಯಿ. ಮೇ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ ಸುಮಾರು 40 ವಾರ. ಅಲ್ಲಿಗೆ ವಾರಕ್ಕೆ 3,000 ರೂಪಾಯಿ. ಪ್ರತಿ ಸೋಮವಾರ, ಬೇರೆ ಯಾವ ಬಿಲ್ ಕಟ್ಟುವ ಮೊದಲೇ, ಇದು ಆ ಖಾತೆಗೆ ಸೇರಲಿ. ದರ, ತೂಕ ನಿಮ್ಮವನ್ನೇ ಹಾಕಿಕೊಳ್ಳಿ.

ದುಡ್ಡು ಕೂಡಿದೆಯೆಂದು ಒಂದೇ ದಿನ ಎಲ್ಲವನ್ನೂ ಕೊಳ್ಳಬೇಡಿ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ದರ ಬದಲಾಗುತ್ತದೆ. 2024ರ ಮಾರ್ಚ್‌ನಲ್ಲಿ ದರ ಏಕಾಏಕಿ ಕುಸಿದಾಗ ಬೆಳೆಗಾರರ ಸಂಕಟ ಎಪಿಎಂಸಿಯ ಆವರಣದಲ್ಲೇ ವಾಹನಗಳಿಗೆ ಬೆಂಕಿ ಬೀಳುವಷ್ಟು ಕೆರಳಿತ್ತು. ಮೂರು ಕಂತಿನಲ್ಲಿ ಕೊಂಡರೆ ತೀರಾ ಅಗ್ಗದ ದರ ಸಿಗದೇ ಹೋಗಬಹುದು, ಆದರೆ ತೀರಾ ದುಬಾರಿ ದರಕ್ಕೆ ವರ್ಷವಿಡೀ ಸಿಕ್ಕಿಬೀಳುವುದಿಲ್ಲ. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಮೆತ್ತಗಿದ್ದರೆ ತೇವವಿದೆ, ನೀರಿಗೂ ದುಡ್ಡು ಕೊಟ್ಟು, ಆಮೇಲೆ ಬೂಷ್ಟನ್ನೂ ಸಹಿಸಬೇಕಾಗುತ್ತದೆ. ಒಂದೆರಡು ತಿಂಗಳಿಗಾಗುವಷ್ಟನ್ನು ಮನೆಯಲ್ಲಿಟ್ಟುಕೊಂಡು ಉಳಿದದ್ದನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಿ. ಅಲ್ಲಿ ಬಣ್ಣ ಉಳಿಯುತ್ತದೆ.

2. ಉದ್ರಿಗೆ ಗಡುವು ಹಾಕಿ

ಅಂಗಡಿಯವರಲ್ಲಿ ಉಳಿದ ಬಾಕಿಯೂ ಮೆಣಸಿನಕಾಯಿಯ ದುಡ್ಡೇ. ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ನೋಂದಣಿ ಸಂಖ್ಯೆಯನ್ನೂ ಗಡುವಿನ ತಾರೀಖನ್ನೂ ಬಿಲ್ ಮೇಲೆ ಅಚ್ಚು ಹಾಕಿಸಿ. ಜಗಳವಾಡದೆ ಕೇಳಲು ಇದೊಂದು ದಾರಿ.

3. ವಾರಕ್ಕೆ ಎರಡು ಗಂಟೆ

ಗಿರಾಕಿ ಕಡಿಮೆ ಇರುವ ಒಂದು ಮಧ್ಯಾಹ್ನ ಒಲೆ, ಗಲ್ಲಾ ಎರಡೂ ಕಾಣದ ಜಾಗದಲ್ಲಿ ಕೂತುಕೊಳ್ಳಿ. ಎಷ್ಟು ದಾಸ್ತಾನಿದೆ, ಯಾವ ಅಂಗಡಿ ಆರ್ಡರ್ ನಿಲ್ಲಿಸಿದೆ, ಯಾವ ಪುಡಿಗೆ ದುಡಿಮೆ ಹೆಚ್ಚು, ಮಿಗುವುದು ಕಡಿಮೆ ಎಂದು ನೋಡಿ. ಈ ಹೊತ್ತಿನಲ್ಲಿ ಜಿಎಸ್‌ಟಿ ಕಾಗದ ಮುಟ್ಟಬೇಡಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ 11 ಮತ್ತು 20ರ ಗಡುವು ನಾಳೆಯ ಯೋಚನೆಯಂತೆ ಕಂಡರೂ ಅದು ಇವತ್ತಿನ ಕೆಲಸವೇ.

ದೊಡ್ಡ ನಿರ್ಧಾರಗಳನ್ನು ಆಷಾಢಕ್ಕೆ ಇಟ್ಟುಕೊಳ್ಳಿ. ಮದುವೆಗಳಿಲ್ಲ, ಮಳೆಗೆ ಏನೂ ಒಣಗುವುದಿಲ್ಲ. ಕೈ ಖಾಲಿಯಾಯಿತೆಂದು ಕೊರಗುವ ಆ ತಿಂಗಳಲ್ಲಿ ಯಂತ್ರದ ರಿಪೇರಿ, ಹೊಸ ಪುಡಿಯ ಪ್ರಯೋಗ, ದರದ ಪರಿಷ್ಕರಣೆ ಮುಗಿದರೆ ಗೌರಿ-ಗಣೇಶ ಹಬ್ಬದ ಆರ್ಡರ್‌ಗೆ ನೀವು ಸಿದ್ಧ.

4. ಹದವನ್ನು ಬರೆದಿಡಿ

ಎರಡು ಗಂಟೆ ಬಿಡುವು ಸಿಗಬೇಕೆಂದರೆ ಇನ್ನೊಬ್ಬರು ಹುರಿಯಲು ಬರಬೇಕು. ಎಲ್ಲರೂ ಎಡವುವುದು ಇಲ್ಲೇ. ಕೊತ್ತಂಬರಿ ಬೀಜ ಯಾವಾಗ ಇಳಿಸಬೇಕೆಂದು ಮೂಗಿಗೆ ಗೊತ್ತು, ಬಾಯಿಗೆ ಹೇಳಲು ಬಾರದು. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದು ಗಳಿಸಿದ್ದು ಅದು. ಆದರೆ ನಿಮಗೆ ಜ್ವರ ಬಂದ ದಿನ ಒಲೆಯೇ ಆರುತ್ತದೆ. ಒಂದು ಬಾಣಲೆಗೆ ಎಷ್ಟು ಕೆ.ಜಿ., ಉರಿ ಎಷ್ಟು, ಎಷ್ಟು ನಿಮಿಷ, ಇಳಿಸುವಾಗ ಬಣ್ಣ ಹೇಗಿತ್ತು ಎಂಬುದನ್ನೆಲ್ಲ ಗಡಿಯಾರ, ತಕ್ಕಡಿ ಇಟ್ಟುಕೊಂಡು ಬರೆಯಿರಿ. ಹತ್ತು ಸಲ ಕಲಿಯುವವರ ಮುಂದೆ ಹುರಿಯಿರಿ. ಮುಂದಿನ ಹತ್ತು ಸಲ ಸೌಟು ಅವರ ಕೈಯಲ್ಲಿರಲಿ, ನೀವು ಘಮ ಮಾತ್ರ ನೋಡಿ.

5. ಯಂತ್ರ ಕೊನೆಗೆ

ಸಬ್ಸಿಡಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಪಲ್ವರೈಸರ್ ಕೊಳ್ಳಬೇಡಿ. ಮೂರು ತಿಂಗಳು ಊರಿನ ಗಿರಣಿಯಲ್ಲೇ ಬೀಸಿಸಿ, ಕೊಟ್ಟ ಕೂಲಿಯನ್ನು ಬರೆದಿಡಿ. ಸಾಲದ ಕಂತು, ಕರೆಂಟು, ಯಂತ್ರ ನಡೆಸುವವರ ಸಂಬಳ ಕೂಡಿಸಿದರೂ ಆ ಕೂಲಿಯೇ ಹೆಚ್ಚೆಂದು ಕಂಡ ಮೇಲೆ ಬ್ಯಾಂಕಿಗೆ ಹೋಗಿ. ಹೋಗುವಾಗ ಆ ಮೂರು ತಿಂಗಳ ಪುಟಗಳನ್ನು ಜೊತೆಗೆ ಒಯ್ಯಿರಿ.